ಪೌರರಲ್ಲದವರ ಮತದಾನ ಮತ್ತು ಸ್ಥಳೀಯ ಅಧಿಕಾರ: ಅಮೆರಿಕದ ಶಾಸನದಲ್ಲಿ ಅವುಗಳ ಪರಿಣಾಮ

‘ಪೌರ’ ಎಂಬ ಶಬ್ದದ ಮೂಲಾರ್ಥ ಪುರದಲ್ಲಿ ವಾಸಿಸುವವನು ಎಂದು. ಇಂದಿನ ನ್ಯಾಯಶಾಸ್ತ್ರದಲ್ಲಿ ಅದಕ್ಕೆ ರಾಷ್ಟ್ರವೊಂದರ ಸದಸ್ಯನೆಂಬ ಅರ್ಥವು ನೆಲೆಗೊಂಡಿದೆ. ಒಂದು ಊರಿನಲ್ಲಿ ಮನೆ ಮಾಡಿ, ತೆರಿಗೆ ತೆತ್ತು, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳುಹಿಸುತ್ತಿರುವ ವಿದೇಶೀಯನು ಮೊದಲನೆಯ ಅರ್ಥದಲ್ಲಿ ಪೌರನೇ ಸರಿ. ಎರಡನೆಯ ಅರ್ಥದಲ್ಲಿ ಅಲ್ಲ. ಅಂತಹವನು ಮತ ಚಲಾಯಿಸಿದರೆ, ಇಲ್ಲವೆ ಊರಿನ ಆಡಳಿತದಲ್ಲಿ ಸ್ಥಾನವೊಂದನ್ನು ವಹಿಸಿಕೊಂಡರೆ, ಶಾಸನವು ಅವನನ್ನು ಹೇಗೆ ನಡೆಸಿಕೊಳ್ಳುತ್ತದೆ? ಅಮೆರಿಕದ ಸಂಯುಕ್ತ ಸಂಸ್ಥಾನದ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಮುಂದಿನ ವಿವೇಚನೆಯಲ್ಲಿ ‘ಪೌರ’ ಶಬ್ದವನ್ನು ಎರಡನೆಯ ಅರ್ಥದಲ್ಲಿಯೇ ಬಳಸಿದ್ದೇವೆ.

ಮತಾಧಿಕಾರಕ್ಕೂ ಪೌರತ್ವಕ್ಕೂ ಇರುವ ಸಂಬಂಧ ಅಮೆರಿಕದಲ್ಲಿ ಮೊದಲಿನಿಂದಲೂ ಇದ್ದುದಲ್ಲ. ಅಲ್ಲಿಯ ಸಂವಿಧಾನದ ಮೂಲಪಾಠವು ಮತದಾರನ ಅರ್ಹತೆಯನ್ನು ಗೊತ್ತುಮಾಡುವ ಕಾರ್ಯವನ್ನು ರಾಜ್ಯಗಳಿಗೆ ಬಿಟ್ಟಿತ್ತು. 1848ರಲ್ಲಿ ವಿಸ್ಕಾನ್ಸಿನ್ ರಾಜ್ಯವು, ಪೌರತ್ವ ಪಡೆಯುವ ಉದ್ದೇಶವನ್ನು ವಿಧಿವತ್ತಾಗಿ ಘೋಷಿಸಿದ ಬಿಳಿಯ ವಿದೇಶೀಯರಿಗೂ ಮತಾಧಿಕಾರವನ್ನು ನೀಡಿತು. ಹೊಸ ನೆಲಸಿಗರನ್ನು ಆಕರ್ಷಿಸಬೇಕಾಗಿದ್ದ ಇತರ ಹಲವು ರಾಜ್ಯಗಳು ಇದೇ ಮಾರ್ಗವನ್ನು ಹಿಡಿದವು. 1875ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೈನರ್ ಮತ್ತು ಹ್ಯಾಪರ್ಸೆಟ್ ಮೊಕದ್ದಮೆಯಲ್ಲಿ, ಸ್ತ್ರೀಯು ಪೌರಳಾದ ಮಾತ್ರಕ್ಕೆ ಮತದಾರಳಾಗುವುದಿಲ್ಲವೆಂದು ತೀರ್ಪಿತ್ತಾಗ, ಪೌರತ್ವವೂ ಮತಾಧಿಕಾರವೂ ಬೇರೆ ಬೇರೆ ಎಂಬುದಕ್ಕೆ ವಿದೇಶೀಯರು ಮತ ಹಾಕುತ್ತಿದ್ದ ರಾಜ್ಯಗಳನ್ನು ಉದಾಹರಿಸಿತು. ಈ ಪದ್ಧತಿ ಕ್ರಮೇಣ ಕ್ಷೀಣಿಸಿ, 1926ರಲ್ಲಿ ಅರ್ಕನ್ಸಾ ರಾಜ್ಯವು ಅದನ್ನು ಕೈಬಿಡುವುದರೊಂದಿಗೆ ಕೊನೆಗೊಂಡಿತು.

ಇಂದಿನ ಶಾಸನವ್ಯವಸ್ಥೆಯ ಬುನಾದಿ 1996ರ ವಲಸೆ ಸುಧಾರಣಾ ಶಾಸನ. ಅಧ್ಯಕ್ಷ, ಉಪಾಧ್ಯಕ್ಷ ಹಾಗೂ ಕಾಂಗ್ರೆಸ್ ಸದಸ್ಯರ ಚುನಾವಣೆಗಳಲ್ಲಿ ಪೌರನಲ್ಲದವನು ಮತ ಹಾಕುವುದು ಅದರ ಪ್ರಕಾರ ಅಪರಾಧ. ಶಿಕ್ಷೆ ದಂಡ, ಅಥವಾ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಎರಡೂ. ಮತದಾರರ ಪಟ್ಟಿಗೆ ಸೇರುವುದಕ್ಕಾಗಿ ತಾನು ಪೌರನೆಂದು ತಿಳಿದೂ ಸುಳ್ಳು ಹೇಳುವುದು ಪ್ರತ್ಯೇಕ ಅಪರಾಧ. ಇದಕ್ಕೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇವುಗಳ ಜೊತೆಗೆ ರಾಜ್ಯಗಳ ದಂಡಶಾಸನಗಳೂ ಇವೆ. ಶೈಶವದಲ್ಲಿಯೇ ಅಮೆರಿಕಕ್ಕೆ ಬಂದು, ಖಾಯಂ ನಿವಾಸದ ಹಕ್ಕನ್ನು ಪಡೆದಿದ್ದ ಒಬ್ಬ ಮಹಿಳೆಗೆ ಟೆಕ್ಸಸ್ ರಾಜ್ಯದ ನ್ಯಾಯಾಲಯವು 2017ರಲ್ಲಿ ಅಕ್ರಮ ಮತದಾನಕ್ಕಾಗಿ 8 ವರ್ಷಗಳ ಸೆರೆವಾಸವನ್ನು ವಿಧಿಸಿತು.

ಆದರೆ ದಂಡನೆಗಿಂತ ಗುರುತರವಾದ ಪರಿಣಾಮವು ವಲಸೆ ಶಾಸನದಲ್ಲಿದೆ. ಕೇಂದ್ರದ, ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಯಾವುದೇ ನಿಯಮವನ್ನು ಮೀರಿ ಮತ ಹಾಕಿದ ವಿದೇಶೀಯನನ್ನು ಗಡೀಪಾರು ಮಾಡಬಹುದೆಂದು ಅದು ಹೇಳುತ್ತದೆ. ಇದಕ್ಕೆ ಯಾವ ನ್ಯಾಯಾಲಯವೂ ಅವನನ್ನು ಅಪರಾಧಿಯೆಂದು ತೀರ್ಮಾನಿಸಿರಬೇಕಾಗಿಲ್ಲ. ಮತ ಹಾಕಿದ ಸಂಗತಿಯು ಸ್ಥಾಪಿತವಾದರೆ ಸಾಕು. ಹೊರಹೋದವನಿಗೆ ಅದೇ ಕಾರಣದಿಂದ ಪುನಃಪ್ರವೇಶವನ್ನೂ ನಿರಾಕರಿಸಬಹುದು. 2000ದಲ್ಲಿ ಸೇರಿಸಿದ ವಿನಾಯಿತಿಯು ಬಹು ಕಿರಿದು: ತಂದೆತಾಯಿಗಳಿಬ್ಬರೂ ಪೌರರಾಗಿದ್ದು, 16 ವರ್ಷ ತುಂಬುವ ಮೊದಲೇ ಅಮೆರಿಕದಲ್ಲಿ ಖಾಯಮ್ಮಾಗಿ ನೆಲಸಿ, ತಾನೂ ಪೌರನೆಂದು ಸಕಾರಣವಾಗಿ ನಂಬಿದ್ದವನಿಗೆ ಮಾತ್ರ ಅದು ಅನ್ವಯಿಸುತ್ತದೆ.

ಇಂತಹ ತಪ್ಪು ಹೇಗೆ ಸಂಭವಿಸುತ್ತದೆ? 1993ರ ಶಾಸನವೊಂದು, ವಾಹನ ಚಾಲನೆಯ ಪರವಾನಗಿ ನೀಡುವ ಕಚೇರಿಗಳಲ್ಲಿಯೇ ಮತದಾರರ ನೋಂದಣಿಗೂ ಅವಕಾಶ ಕಲ್ಪಿಸಿತು. ಪರವಾನಗಿಗೆ ಪೌರತ್ವ ಬೇಕಿಲ್ಲ, ಮತಕ್ಕೆ ಬೇಕು. ಆದರೆ ಎರಡಕ್ಕೂ ಒಂದೇ ಮೇಜು, ಒಬ್ಬನೇ ಗುಮಾಸ್ತ. ಇಲಿನಾಯ್ ರಾಜ್ಯದಲ್ಲಿ ಇದರಿಂದ ಹುಟ್ಟಿದ ಎರಡು ಪ್ರಕರಣಗಳು ವಿಚಾರಾರ್ಹವಾಗಿವೆ. ಮೊದಲನೆಯದರಲ್ಲಿ, ಅಮೆರಿಕದ ಪೌರನನ್ನು ವಿವಾಹವಾಗಿ ಬಂದಿದ್ದ ಫಿಲಿಪೀನ್ಸಿನ ಮಹಿಳೆಯೊಬ್ಬಳು ಪರವಾನಗಿಗಾಗಿ ತನ್ನ ದೇಶದ ಪಾಸ್‌ಪೋರ್ಟನ್ನು ತೋರಿಸಿದಳು. ಆದರೂ ಅವಳ ಹೆಸರು ಮತದಾರರ ಪಟ್ಟಿಗೆ ಸೇರಿತು. 2006ರಲ್ಲಿ ಅವಳು ಮತ ಹಾಕಿದಳು. ಗಡೀಪಾರಿನ ಆಜ್ಞೆಯಾದ ಮೇಲೆ, 2012ರಲ್ಲಿ ಚಿಕಾಗೊದ ಕೇಂದ್ರ ಮೇಲ್ಮನವಿ ನ್ಯಾಯಾಲಯವು, ಅಧಿಕಾರಿಗಳಿಗೆ ಸತ್ಯವನ್ನೇ ತಿಳಿಸಿ, ಅವರೇ ಕೊಟ್ಟ ಅನುಮತಿಯಂತೆ ನಡೆದವಳನ್ನು ದೋಷಿಯೆನ್ನಲಾಗದೆಂದು ಹೇಳಿ, ಅವಳ ಹೇಳಿಕೆಯ ಸತ್ಯಾಸತ್ಯತೆಯನ್ನು ಮತ್ತೆ ವಿಚಾರಿಸುವಂತೆ ಪ್ರಕರಣವನ್ನು ಹಿಂದಿರುಗಿಸಿತು. ಎರಡನೆಯದರಲ್ಲಿ, ಪೆರು ದೇಶದ ಮಹಿಳೆಯೊಬ್ಬಳು ಗುಮಾಸ್ತನಿಗೆ ತನ್ನ ಗ್ರೀನ್ ಕಾರ್ಡನ್ನೂ ಪಾಸ್‌ಪೋರ್ಟನ್ನೂ ತೋರಿಸಿದ್ದಳು. ಆದರೆ ಅರ್ಜಿಯಲ್ಲಿ ‘ಪೌರಳು’ ಎಂಬ ಚೌಕಕ್ಕೆ ಗುರುತು ಹಾಕಿದ್ದಳು. 2017ರಲ್ಲಿ ಅದೇ ನ್ಯಾಯಾಲಯವು ಅವಳ ಮನವಿಯನ್ನು ತಿರಸ್ಕರಿಸಿತು. ಒಂದು ಗುರುತು ಇಬ್ಬರ ಭವಿಷ್ಯವನ್ನು ಬೇರೆ ಮಾಡಿತು.

ಇಂತಹ ಸಂಗತಿಗಳು ಅನೇಕ ವೇಳೆ ಬೆಳಕಿಗೆ ಬರುವುದು ಪೌರತ್ವದ ಅರ್ಜಿಯಲ್ಲಿ. ಎಂದಾದರೂ ಮತದಾರನಾಗಿ ನೋಂದಾಯಿಸಿಕೊಂಡಿದ್ದೀರಾ, ಮತ ಹಾಕಿದ್ದೀರಾ ಎಂದು ಅರ್ಜಿಯೇ ಪ್ರಶ್ನಿಸುತ್ತದೆ. ಪ್ರಾಮಾಣಿಕನಾಗಿ ಹೌದೆಂದು ಬರೆದವನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುತ್ತಾನೆ. ಪೌರನಾಗಬೇಕೆಂಬ ಹಂಬಲವೇ ಅವನನ್ನು ದೇಶದಿಂದ ಹೊರದೂಡುವ ಪ್ರಮಾಣವನ್ನು ಒದಗಿಸುತ್ತದೆ.

ಈ ಕಾಠಿಣ್ಯದ ತಾತ್ತ್ವಿಕ ಆಧಾರವನ್ನು 1893ರ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನಲ್ಲಿ ಕಾಣುತ್ತೇವೆ. ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಎಂದು ಅದು ಸಾರಿತು. ಶಿಕ್ಷೆಯಲ್ಲವಾದುದರಿಂದ ಅಲ್ಲಿ ಜ್ಯೂರಿ ಇಲ್ಲ. ಸರಕಾರದ ವೆಚ್ಚದಲ್ಲಿ ವಕೀಲನನ್ನು ಪಡೆಯುವ ಹಕ್ಕಿಲ್ಲ. ಸಂಶಯಾತೀತವಾದ ರುಜುವಾತೂ ಬೇಕಿಲ್ಲ. ಸಾಕ್ಷ್ಯವು ಸ್ಪಷ್ಟವೂ ಮನವರಿಕೆಯಾಗುವಂಥದೂ ಆಗಿರತಕ್ಕದ್ದೆಂದು 1966ರಲ್ಲಿ ಅದೇ ನ್ಯಾಯಾಲಯವು ವಿಧಿಸಿದ ನಿಯಮವೇ ಇಲ್ಲಿ ಮುಖ್ಯ ರಕ್ಷಣೆ. ಹೀಗಾಗಿ, ಒಂದು ವರ್ಷದ ಸೆರೆವಾಸ ವಿಧಿಸಬೇಕಾದರೆ ಅಗತ್ಯವಾದ ರಕ್ಷಣೆಗಳು, ಮನುಷ್ಯನನ್ನು ಅವನ ಮನೆಮಕ್ಕಳಿಂದ ಅಗಲಿಸಬೇಕಾದರೆ ಅಗತ್ಯವಾಗಿಲ್ಲ. ಪರಿಣಾಮವು ಹೆಚ್ಚು ಭಾರವಾಗಿರುವಲ್ಲಿಯೇ ರಕ್ಷಣೆಯು ಹೆಚ್ಚು ಹಗುರವಾಗಿದೆ.

ಇದೇ ದೇಶದಲ್ಲಿ ವಿದೇಶೀಯರನ್ನು ಮತಗಟ್ಟೆಗೆ ಆಹ್ವಾನಿಸುವ ಊರುಗಳೂ ಇವೆ. ಮೇರಿಲೆಂಡ್ ರಾಜ್ಯದ ಟಕೋಮಾ ಪಾರ್ಕ್ ಪಟ್ಟಣವು 1992ರಲ್ಲಿ ತನ್ನ ಸನ್ನದನ್ನು ತಿದ್ದಿ, ಪುರಸಭೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಅವರಿಗೆ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮತದಾರರು 2016ರಲ್ಲಿ, ಮಕ್ಕಳ ತಂದೆತಾಯಿಗಳಾದ ವಿದೇಶೀಯರಿಗೆ ಶಾಲಾಮಂಡಲಿಯ ಚುನಾವಣೆಯಲ್ಲಿ ಮತಾಧಿಕಾರ ನೀಡಿದರು. 1996ರ ಶಾಸನವು, ಕೇಂದ್ರದ ಮತದಾನದಿಂದ ಪ್ರತ್ಯೇಕವಾಗಿ ನಡೆಯುವ ಇಂತಹ ಮತದಾನವನ್ನು ಅಪರಾಧವೆಂದು ಎಣಿಸುವುದಿಲ್ಲ. ಆದರೆ ಸ್ಥಳೀಯ ನಿಯಮವೇ ಅಸಿಂಧುವೆಂದು ತೀರ್ಮಾನವಾದರೆ ಅದನ್ನು ನಂಬಿ ಮತ ಹಾಕಿದವರ ಗತಿಯೇನು? ಸ್ಯಾನ್ ಫ್ರಾನ್ಸಿಸ್ಕೊದ ನಿಯಮವನ್ನು ಒಂದು ನ್ಯಾಯಾಲಯವು 2022ರಲ್ಲಿ ತಳ್ಳಿಹಾಕಿದಾಗ ಈ ಪ್ರಶ್ನೆಗೆ ಎಡೆಯಾಯಿತು. 2023ರಲ್ಲಿ ಮೇಲಿನ ನ್ಯಾಯಾಲಯವು ನಿಯಮವನ್ನು ಎತ್ತಿಹಿಡಿದುದರಿಂದ ಅದು ಶಮನವಾಯಿತು. ನ್ಯೂಯಾರ್ಕ್ ನಗರಸಭೆಯು 2021ರಲ್ಲಿ ಅಂಗೀಕರಿಸಿದ ಇಂತಹದೇ ನಿಯಮವನ್ನು, ಅದರಂತೆ ಒಂದು ಮತವೂ ಬೀಳುವ ಮೊದಲೇ ನ್ಯಾಯಾಲಯವು ತಡೆಯಿತು. 2025ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವು ಅದು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ನೀಡಿತು.

ಇನ್ನು ಅಧಿಕಾರಸ್ಥಾನದ ವಿಷಯ. ಸಾಮಾನ್ಯ ಸರಕಾರಿ ನೌಕರಿಗಳನ್ನೆಲ್ಲ ರಾಜ್ಯಗಳು ವಿದೇಶೀಯರಿಗೆ ಮುಚ್ಚಲಾಗದೆಂದೂ, ಆದರೆ ಚುನಾಯಿತ ಸ್ಥಾನಗಳಿಗೂ ನೀತಿಯನ್ನು ರೂಪಿಸುವ ಹುದ್ದೆಗಳಿಗೂ ಪೌರತ್ವವನ್ನು ವಿಧಿಸಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ವಿವೇಚಿಸಿತು. ಅನರ್ಹನೊಬ್ಬನು ಆರಿಸಿಬಂದರೆ, ಯಾವ ಹಕ್ಕಿನಿಂದ ಈ ಪೀಠದಲ್ಲಿ ಕುಳಿತಿರುವೆ ಎಂದು ಪ್ರಶ್ನಿಸುವ ‘ಕೋ ವಾರಂಟೊ’ ಎಂಬ ಪ್ರಾಚೀನ ವಿಧಾನವುಂಟು. ಜೇಮ್ಸ್ ಬಾಯ್ಡ್ ಎಂಬಾತನ ಪ್ರಕರಣವು ಇದಕ್ಕೆ ಪ್ರಸಿದ್ಧ ನಿದರ್ಶನ. ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಈತ ಓಮಹಾ ನಗರದ ಮೇಯರನಾಗಿದ್ದು, 1890ರಲ್ಲಿ ನೆಬ್ರಾಸ್ಕಾದ ಗವರ್ನರನಾಗಿ ಆರಿಸಿಬಂದನು. ತಂದೆಯು ಪೌರತ್ವದ ಉದ್ದೇಶವನ್ನು ಘೋಷಿಸಿದ್ದನೇ ಹೊರತು ಸಕಾಲದಲ್ಲಿ ಅದನ್ನು ಪೂರೈಸಿರಲಿಲ್ಲವೆಂಬ ಕಾರಣದಿಂದ, 1891ರಲ್ಲಿ ರಾಜ್ಯದ ನ್ಯಾಯಾಲಯವು ಆತನನ್ನು ಪದಚ್ಯುತಗೊಳಿಸಿತು. 1892ರಲ್ಲಿ ಸರ್ವೋಚ್ಚ ನ್ಯಾಯಾಲಯವು, ನೆಬ್ರಾಸ್ಕಾ 1867ರಲ್ಲಿ ಒಕ್ಕೂಟವನ್ನು ಸೇರಿದಾಗಲೇ ಆತ ಪೌರನಾದನೆಂದು ನಿರ್ಣಯಿಸಿ ಪದವಿಯನ್ನು ಮರಳಿಸಿತು.

ಪದಚ್ಯುತನಾದವನು ಅಧಿಕಾರದಲ್ಲಿದ್ದಾಗ ಮಾಡಿದ ಕಾರ್ಯಗಳೆಲ್ಲ ವ್ಯರ್ಥವೇ? ಅಲ್ಲವೆನ್ನುತ್ತದೆ ಶಾಸನ. ಅಧಿಕಾರಿಯೆಂದು ಜನರು ಸದ್ಭಾವದಿಂದ ನಂಬಿದವನ ಸಹಿ, ಆಜ್ಞೆ, ನಿರ್ಣಯಗಳು ಸಾರ್ವಜನಿಕರ ಮಟ್ಟಿಗೆ ಸಿಂಧುವಾಗಿಯೇ ಉಳಿಯುತ್ತವೆ. ಹೀಗೆ ಊರಿನ ಜನರಿಗೆ ರಕ್ಷಣೆಯುಂಟು. ಪೀಠದಲ್ಲಿ ಕುಳಿತವನಿಗೆ ಅಷ್ಟಿಲ್ಲ. ಉಮೇದುವಾರನಾಗಿ ನಿಲ್ಲುವಾಗ ಪೌರನೆಂದು ಸುಳ್ಳು ಘೋಷಣೆಗೆ ಸಹಿ ಮಾಡಿದ್ದರೆ, ಅದರಿಂದಲೇ ಗಡೀಪಾರಿನ ಪ್ರಶ್ನೆ ಏಳಬಹುದು.

ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರಿಗೂ ಈ ವಿಷಯ ಹೊರಗಿನದಲ್ಲ. ಗ್ರೀನ್ ಕಾರ್ಡ್ ಪಡೆದ ಮಾತ್ರಕ್ಕೆ ಅವರು ಅಲ್ಲಿಯ ಪೌರರಾಗುವುದಿಲ್ಲ. ಭಾರತದ ಪೌರರಾಗಿಯೇ ಉಳಿದು, ಇಲ್ಲಿಯ ಮತದಾರರ ಪಟ್ಟಿಯಲ್ಲಿ ವಿದೇಶವಾಸಿ ಮತದಾರರಾಗಿ ಸೇರಬಹುದು. ಅಲ್ಲಿಯ ಪೌರತ್ವವನ್ನು ಸ್ವೀಕರಿಸಿದೊಡನೆ, 1955ರ ಪೌರತ್ವ ಶಾಸನದಂತೆ, ಭಾರತದ ಪೌರತ್ವವೂ ಅದರೊಡನೆ ಮತವೂ ಹೋಗುತ್ತವೆ. ಸಾಗರೋತ್ತರ ಪೌರತ್ವದ ಕಾರ್ಡು ಮತಾಧಿಕಾರವನ್ನು ಕೊಡುವುದಿಲ್ಲ.

ಮತದ ಪಾವಿತ್ರ್ಯವನ್ನು ಕಾಯುವುದು ಪ್ರತಿಯೊಂದು ಪ್ರಜಾರಾಜ್ಯದ ಕರ್ತವ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ವಂಚಿಸಬೇಕೆಂದು ಮತ ಹಾಕಿದವನಿಗೂ, ಕಚೇರಿಯವರ ಮಾತನ್ನು ನಂಬಿ ಹಾಕಿದವನಿಗೂ ಇರುವ ಅಂತರವನ್ನು ಶಾಸನವು ಎಲ್ಲಿಯಾದರೂ ಅಳೆಯಬೇಕು. ದಂಡನ್ಯಾಯಾಲಯದಲ್ಲಿ ಆ ಅಳತೆಗೆ ಕೆಲಮಟ್ಟಿಗೆ ಸ್ಥಳವಿದೆ. ಗಡೀಪಾರಿನ ವಿಚಾರಣೆಯಲ್ಲಿ ಬಹಳ ಕಡಮೆ. 2012ರ ತೀರ್ಪು ಆ ಬಾಗಿಲನ್ನು ಸ್ವಲ್ಪ ತೆರೆಯಿತು. ಅದನ್ನು ಇನ್ನಷ್ಟು ತೆರೆಯುವುದರಿಂದ ಮತದ ಪಾವಿತ್ರ್ಯಕ್ಕೆ ಕುಂದು ಬರಲಾರದೆಂದು ನಾವು ಭಾವಿಸುತ್ತೇವೆ.