ಆಕ್ಸಿಯಾನ್‌ಗೆ ಯಾರು ಕಾವಲು?

ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಆದರೆ ಅದರೊಳಗಿನ ಕ್ವಾರ್ಕ್‌ಗಳಿಗೆ ಆವೇಶವಿದೆ. ಧನಾವೇಶ ಒಂದು ಕಡೆಗೆ, ಋಣಾವೇಶ ಇನ್ನೊಂದು ಕಡೆಗೆ ತುಸು ವಾಲಬಹುದಿತ್ತು, ವಾಲಿದ್ದು ಕಂಡಿಲ್ಲ. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯ ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಾಗಲೂ ಅದರ ಸುಳಿವಿರಲಿಲ್ಲ. ಕ್ವಾರ್ಕ್‌ಗಳನ್ನು ಬೆಸೆಯುವ ಪ್ರಬಲ ಬಲದ ಸಿದ್ಧಾಂತದಲ್ಲಿ ಈ ವಾಲುವಿಕೆಯನ್ನು ನಿರ್ಧರಿಸುವ ಥೀಟಾ ಎಂಬ ಕೋನವೊಂದಿದೆ. ಅದರ ಬೆಲೆ ಎಷ್ಟಾದರೂ ಇರಬಹುದಿತ್ತು. ಅಳತೆಯ ಪ್ರಕಾರ ಅದು ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟೂ ಇಲ್ಲ. ಇಷ್ಟು ಅಚ್ಚುಕಟ್ಟನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

1977ರಲ್ಲಿ ರಾಬರ್ಟೊ ಪೆಚ್ಚೈ ಮತ್ತು ಹೆಲೆನ್ ಕ್ವಿನ್ ಒಂದು ಹೊಸ ಸಮಮಿತಿಯನ್ನು ಸೂಚಿಸಿದರು. ಅದಿದ್ದರೆ ಥೀಟಾ ತಾನಾಗಿಯೇ ಸೊನ್ನೆಗೆ ಬಂದು ನಿಲ್ಲುತ್ತದೆ. ಹಾಗಿದ್ದರೆ ಒಂದು ಹೊಸ ಕಣವೂ ಇರಲೇಬೇಕು ಎಂದು ಮರುವರ್ಷ ಸ್ಟೀವನ್ ವೈನ್‌ಬರ್ಗ್ ಮತ್ತು ಫ್ರಾಂಕ್ ವಿಲ್ಚೆಕ್ ಬೇರೆಬೇರೆಯಾಗಿ ತೋರಿಸಿದರು. ಅದೇ ಆಕ್ಸಿಯಾನ್. ಇಂದಿನ ಮಾದರಿಗಳಲ್ಲಿ ಅದು ಎಲೆಕ್ಟ್ರಾನಿಗಿಂತ ನೂರಾರು ಕೋಟಿ ಪಟ್ಟು ಹಗುರ. ಬ್ರಹ್ಮಾಂಡದ ಕಪ್ಪುದ್ರವ್ಯವೂ ಅದೇ ಇರಬಹುದು.

ತಕರಾರು ಬಂದದ್ದು ಗುರುತ್ವದ ಕಡೆಯಿಂದ. ಪೆಚ್ಚೈ-ಕ್ವಿನ್ ಬಗೆಯ ಸಮಮಿತಿಯನ್ನು ಗುರುತ್ವ ಲೆಕ್ಕಕ್ಕೇ ಇಡುವುದಿಲ್ಲ. ಅಂಥ ಸಮಮಿತಿ ಕಾಯ್ದಿಡುವ ಲೆಕ್ಕವನ್ನು ಕಪ್ಪುಕುಳಿ ನುಂಗಿಬಿಡುತ್ತದೆ. ಆ ಉಲ್ಲಂಘನೆ ಎಳ್ಳಷ್ಟಿದ್ದರೂ ಥೀಟಾ ಸೊನ್ನೆಯಿಂದ ಜಾರುತ್ತದೆ ಎಂದು 1992ರಲ್ಲಿ ಹಲವು ತಂಡಗಳು ಲೆಕ್ಕ ಹಾಕಿದವು. ಕೋನವನ್ನು ಕಾಯಲೆಂದು ತಂದ ಸಮಮಿತಿಗೇ ಈಗ ಕಾವಲು ಬೇಕಾಯಿತು!

ಆ ಕೆಲಸಕ್ಕೆ ನಿಂತದ್ದು ಬಿಡಿ ಸಮಮಿತಿ. ವೃತ್ತವನ್ನು ಎಷ್ಟು ತಿರುಗಿಸಿದರೂ ಹಾಗೇ ಕಾಣುತ್ತದೆ; ನಾಲ್ಕೆಸಳಿನ ಚುಕ್ಕಿ ರಂಗೋಲಿ ಕಾಲು ಸುತ್ತಿಗೊಮ್ಮೆ ಮಾತ್ರ. ಇಂಥ ಬಿಡಿ ಸಮಮಿತಿ ಬಲಗಳಿಗೆ ಮೂಲವಾಗುವ ಬಗೆಯ ಯಾವುದೋ ಗೇಜ್ ಸಮಮಿತಿಯ ಪಳೆಯುಳಿಕೆಯಾಗಿದ್ದರೆ ಗುರುತ್ವವೂ ಅದನ್ನು ಮುರಿಯಲಾರದು ಎಂದು ಲಾರೆನ್ಸ್ ಕ್ರೌಸ್ ಮತ್ತು ವಿಲ್ಚೆಕ್ 1989ರಲ್ಲೇ ಹೇಳಿದ್ದರು.

ಸೂಪರ್‌ಸಿಮೆಟ್ರಿಗೂ ಇಂಥ ಬಿಡಿ ಸಮಮಿತಿಯ ಆಸರೆ ಬೇಕು. ಪ್ರತಿ ಕಣಕ್ಕೂ ಒಂದು ಜೋಡಿ ಕಣವಿದೆ ಎನ್ನುವ ಈ ಸಿದ್ಧಾಂತವನ್ನು ಅಂಕೆಯಿಲ್ಲದೆ ಬಿಟ್ಟರೆ ಪ್ರೋಟಾನ್ ಕ್ಷಣಮಾತ್ರದಲ್ಲಿ ಕ್ಷಯಿಸುತ್ತದೆ. ಪ್ರೋಟಾನ್ ಕ್ಷಯವನ್ನು ಹುಡುಕುವ ಆರಂಭದ ಪ್ರಯೋಗಗಳಲ್ಲೊಂದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, 1980ರಲ್ಲಿ ಶುರುವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ಒಸಾಕದವರೂ ಇದ್ದರು. ಪ್ರೋಟಾನಿನ ಆಯುಸ್ಸು 10ರ ಘಾತ 34 ವರ್ಷಕ್ಕೂ ಮಿಗಿಲು ಎನ್ನುತ್ತದೆ ಇಂದಿನ ಸೂಪರ್-ಕಮಿಯೊಕಾಂಡೆ ಪ್ರಯೋಗ. ಸೂಪರ್‌ಸಿಮೆಟ್ರಿಯ ಇನ್ನೊಂದು ತೊಡಕು 'ಮ್ಯೂ' ಎಂಬ ದ್ರವ್ಯರಾಶಿಯದು. ಗುರುತ್ವ ಪ್ರಬಲವಾಗುವ ಪ್ಲಾಂಕ್ ಶಕ್ತಿಯ ಎತ್ತರಕ್ಕೆ ಏರಬಹುದಾದ ಅದು ಹಿಗ್ಸ್ ಕಣದ ದ್ರವ್ಯರಾಶಿಯ ಆಸುಪಾಸಿನಲ್ಲೇ ಇರಬೇಕು. ಪೆಚ್ಚೈ-ಕ್ವಿನ್ ಸಮಮಿತಿ ಮುರಿಯುವ ಶಕ್ತಿಯ ವರ್ಗವನ್ನು ಪ್ಲಾಂಕ್ ಶಕ್ತಿಯಿಂದ ಭಾಗಿಸಿದರೆ ಸರಿಸುಮಾರು ಆ ಬೆಲೆಯೇ ಸಿಗುತ್ತದೆ ಎಂದು ಜಿಹ್ನ್ ಕಿಮ್ ಮತ್ತು ಹಾನ್ಸ್ ಪೀಟರ್ ನಿಲ್ಲೆಸ್ 1984ರಲ್ಲಿ ಕಂಡುಕೊಂಡರು. ಈ ಕ್ಷೇತ್ರದಲ್ಲಿ ನನಗೆ ತೀರ ಮೆಚ್ಚುಗೆಯಾದ ಲೆಕ್ಕ ಇದು.

ಇವೆಲ್ಲವನ್ನೂ ಒಂದೇ ಬೀಗದಡಿ ಇಟ್ಟವರು ಹೊವಾರ್ಡ್ ಬೇರ್, ವೆರ್ನನ್ ಬಾರ್ಗರ್ ಮತ್ತು ದಿಬ್ಯಶ್ರೀ ಸೇನ್‌ಗುಪ್ತಾ. 2018ರಲ್ಲಿ ಅವರು ಬಳಸಿದ್ದು 24 ಹೆಜ್ಜೆಗೊಮ್ಮೆ ಮರಳುವ ಬಿಡಿ ಸಮಮಿತಿ. ಅದೊಂದೇ ಮ್ಯೂಗೆ ಲಗಾಮು ಹಾಕುತ್ತದೆ, ಪ್ರೋಟಾನನ್ನು ಉಳಿಸುತ್ತದೆ, ಸಮೀಕರಣದಲ್ಲಿ ಆಕ್ಸಿಯಾನನ್ನು ಕೆಡಿಸುವ ಪದಗಳಿಗೆ ಬಾಗಿಲು ಮುಚ್ಚುತ್ತದೆ. ಪೆಚ್ಚೈ-ಕ್ವಿನ್ ಸಮಮಿತಿಯನ್ನು ಬೇರೆಯಾಗಿ ಹೇರಬೇಕಾಗಿಯೇ ಇಲ್ಲ. ಅದು ತಾನಾಗಿ ಮೂಡುತ್ತದೆ. 24 ಎಂಬ ಸಂಖ್ಯೆ ಮಾತ್ರ ಅಳತೆಗೆ ಹೊಲಿಸಿದ ಅಂಗಿಯಂತೆ ಕಾಣುತ್ತದೆ ಎಂದು ಯಾರಾದರೂ ಮೂಗುಮುರಿದರೆ ತಪ್ಪೆನ್ನಲಾರೆ.

ಸಾಕ್ಷಿ? ಜಿನೀವಾದ ಎಲ್‌ಎಚ್‌ಸಿಯಲ್ಲಿ ಒಂದೂ ಸೂಪರ್ ಜೋಡಿ ಕಣ ಸಿಕ್ಕಿಲ್ಲ. ಸಿಯಾಟಲ್‌ನ ಎಡಿಎಂಎಕ್ಸ್ ಪ್ರಯೋಗ ಪ್ರಬಲ ಅಯಸ್ಕಾಂತದೊಳಗೆ ಆಕ್ಸಿಯಾನ್ ಮೈಕ್ರೋವೇವ್ ಆಗುವುದನ್ನು ಕಾಯುತ್ತಿದೆ. ಮುಖ್ಯ ಮಾದರಿಗಳನ್ನು ಪರೀಕ್ಷಿಸುವ ಸೂಕ್ಷ್ಮತೆಯನ್ನು 2018ರ ಹೊತ್ತಿಗೇ ಮುಟ್ಟಿದೆ. ಆದರೆ ಸೂಪರ್‌ಸಿಮೆಟ್ರಿಯ ಆಕ್ಸಿಯಾನ್ ಇನ್ನಷ್ಟು ಹಠಮಾರಿ: ಹಿಗ್ಸ್‌ನ ಜೋಡಿಗಳಾದ ಹಿಗ್ಸಿನೊ ಕಣಗಳು ಅದಕ್ಕೂ ಬೆಳಕಿಗೂ ಇರುವ ನಂಟನ್ನು ಬಹಳಷ್ಟು ಸಡಿಲಿಸುತ್ತವೆ. ಹಾಗಾಗಿ ಎಡಿಎಂಎಕ್ಸ್‌ಗೆ ಏನೂ ಸಿಗದಿದ್ದರೂ ಈ ಮಾದರಿಯನ್ನು ಕೈಬಿಡಲು ಅಷ್ಟೇ ಸಾಲದು.