ಜಮಾಖರ್ಚಿಗೆ ಬಾರದ ದುಡಿಮೆ: ಕಾಫಿ ತೋಟದ ಜೇನ್ನೊಣ

ಕೊಡಗಿನ ಯಾವುದೇ ಕಾಫಿ ತೋಟದ ವಾರ್ಷಿಕ ಲೆಕ್ಕಪತ್ರವನ್ನು ತೆರೆದರೂ ಗೊಬ್ಬರ, ಔಷಧ ಸಿಂಪರಣೆ, ತುಂತುರು ನೀರಾವರಿಯ ಡೀಸೆಲ್, ಆಳುಗಳ ಕೂಲಿ ಎಲ್ಲಕ್ಕೂ ಒಂದೊಂದು ಖಾತೆ ಕಾಣಸಿಗುತ್ತದೆ. ಪರಾಗಸ್ಪರ್ಶಕ್ಕೆ ಮಾತ್ರ ಖಾತೆಯಿಲ್ಲ. ಆ ಕೆಲಸವನ್ನು ಜೇನ್ನೊಣಗಳು ಬಿಲ್ಲು ಕೊಡದೆ ಮಾಡಿಕೊಡುತ್ತಿರುವುದರಿಂದ ಅದು ವೆಚ್ಚವೆಂದು ದಾಖಲಾಗುವುದಿಲ್ಲ. ವೆಚ್ಚವೆಂದು ದಾಖಲಾಗದುದರ ಕೊರತೆಯೂ ಲೆಕ್ಕಿಗನ ಕಣ್ಣಿಗೆ ಬೀಳುವುದಿಲ್ಲ.

ದೇಶದ ಕಾಫಿ ಉತ್ಪಾದನೆಯಲ್ಲಿ ಕರ್ನಾಟಕದ ಪಾಲು ಸುಮಾರು ಶೇಕಡ 70. ದೇಶದ ಬೆಳೆಯಲ್ಲಿ ರೊಬಸ್ಟಾದ ಪಾಲೂ ಹೆಚ್ಚುಕಡಿಮೆ ಅಷ್ಟೇ. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಆ ಶಕ್ತಿಯಿಲ್ಲ. ಬೇರೊಂದು ಗಿಡದ ಪರಾಗವನ್ನು ಗಾಳಿ ಅಥವಾ ಜೇನು ತಂದುಕೊಡಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆಯ ಬಳಿಕ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಕೆಲವೇ ದಿನಗಳಲ್ಲಿ ಹೂ ಬಾಡುತ್ತದೆ. ಇಡೀ ವರ್ಷದ ಫಸಲು ನಿಂತಿರುವುದು ಈ ಕೆಲವು ದಿನಗಳ ಮೇಲೆ. ಈ ಅವಧಿಯಲ್ಲಿ ದುಡಿಯುವವು ಮುಖ್ಯವಾಗಿ ಹೆಜ್ಜೇನು, ತುಡುವೆ ಮತ್ತು ಕುಟುಕದ ಪುಟ್ಟ ಮುಜಂಟಿ. ನೆರೆಯ ಏಲಕ್ಕಿಯ ಕಥೆಯೂ ಇದೇ. ಅದರ ಹೂವಿನ ಆಯುಷ್ಯ ಒಂದೇ ದಿನ.

ಈ ದುಡಿಮೆಗಾರರು ಇಲ್ಲವಾಗುವುದು ಬರಿಯ ಊಹೆಯ ಮಾತಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲಿಯೇ ಸತ್ತವು. ಶೇಕಡ 90ಕ್ಕೂ ಹೆಚ್ಚು ಕುಟುಂಬಗಳು ನಾಶವಾದವೆಂಬುದು ಅಂದಿನ ಅಂದಾಜು. ಜೇನುತುಪ್ಪಕ್ಕೆ ಹೆಸರಾಗಿದ್ದ ಕೊಡಗಿನಲ್ಲಿ ಪೆಟ್ಟಿಗೆಗಳು ಬರಿದಾದವು. ತುಪ್ಪದ ನಷ್ಟವನ್ನು ಕಿಲೋ ಲೆಕ್ಕದಲ್ಲಿ ಹೇಳಬಹುದಿತ್ತು. ಕಟ್ಟದೇ ಹೋದ ಕಾಯಿಗಳ ಲೆಕ್ಕವನ್ನು ಇಡುವವರಾರು?

ಅಮೆರಿಕದ ಕ್ಯಾಲಿಫೋರ್ನಿಯಾದ ಬಾದಾಮಿ ಬೆಳೆಗಾರರು ಈ ಲೆಕ್ಕವನ್ನು ಬಹಳ ಹಿಂದೆಯೇ ಇಟ್ಟಿದ್ದಾರೆ. ಎಕರೆಗೆ ಸುಮಾರು ಎರಡು ಪೆಟ್ಟಿಗೆಯಂತೆ ಬಾಡಿಗೆಗೆ ತರಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪೆಟ್ಟಿಗೆಯೊಂದರ ಬಾಡಿಗೆ 200 ಡಾಲರಿನ ಆಸುಪಾಸಿಗೇರಿದೆ. ಅಲ್ಲಿ ಪರಾಗಸ್ಪರ್ಶವು ಕರಾರುಪತ್ರವುಳ್ಳ ವ್ಯವಹಾರ. ಪರಾಗವಾಹಕಗಳಿಂದ ದೊರಕುವ ಜಾಗತಿಕ ಫಸಲಿನ ವಾರ್ಷಿಕ ಮೌಲ್ಯ 235ರಿಂದ 577 ಶತಕೋಟಿ ಡಾಲರ್ ಎಂದು 2016ರ ಅಂತರರಾಷ್ಟ್ರೀಯ ವರದಿಯೊಂದು ಹೇಳಿತು. ಇಷ್ಟು ಅಗಲದ ಅಂದಾಜಿಗೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ. ಆದರೆ ಅದರ ಕೆಳಮಿತಿಯೂ ಅಲ್ಪಮೊತ್ತವಲ್ಲ.

2020ರಲ್ಲಿ ಕೇಂದ್ರ ಸರ್ಕಾರವು ಜೇನು ಸಾಕಣೆಗಾಗಿ 500 ಕೋಟಿ ರೂಪಾಯಿಗಳ ರಾಷ್ಟ್ರೀಯ ಅಭಿಯಾನವನ್ನು ಘೋಷಿಸಿತು. ಪೆಟ್ಟಿಗೆಯಲ್ಲಿ ನೆಲೆಸುವ ಜಾತಿಗಳಿಗೆ ಇದು ಉಪಕಾರಿ. ಆದರೆ ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಅದಕ್ಕೆ ಬೇಕಾದುದು ಎತ್ತರದ ಕೊಂಬೆ. ಅತ್ತಿ, ಗೋಳಿ, ಬೂರುಗದಂತಹ ಹಳೆಯ ನೆರಳು ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿರುವುದಕ್ಕೆ ವ್ಯಾಪಾರದ ಕಾರಣವಿದೆ: ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟವೂ ಸುಲಭ. ಮರ ಮಾರಿದ ಹಣ ಅದೇ ವರ್ಷದ ಜಮೆಯಲ್ಲಿ ಕಾಣುತ್ತದೆ. ಗೂಡು ಕಟ್ಟಲು ಕೊಂಬೆ ಸಿಗದೆ ಹೆಜ್ಜೇನು ಬೇರೆಡೆಗೆ ತಿರುಗಿದ್ದರ ಪರಿಣಾಮವು ಮುಂದಿನ ವರ್ಷಗಳ ಇಳುವರಿಯಲ್ಲಿ ಕಂಡರೂ, ಅದನ್ನು ಸಾಮಾನ್ಯವಾಗಿ ಮಳೆಯ ಖಾತೆಗೆ ಬರೆಯಲಾಗುತ್ತದೆ.