ಫೋನಿನೊಳಗೊಂದು ಜಗಲಿ



ಹೊಲದಲ್ಲಿ ಎಲೆ ಮುದುರಿತು ಅನ್ನಿ. ಮೊದಲು ಯಾರನ್ನು ಕೇಳುತ್ತೀರಿ? ರೈತ ಸಂಪರ್ಕ ಕೇಂದ್ರಕ್ಕೆ ಬರುತ್ತೀರೋ, ಗೊಬ್ಬರದ ಅಂಗಡಿಗೆ ಹೋಗುತ್ತೀರೋ, ಪಕ್ಕದ ಹೊಲದವರನ್ನೋ? ನಿಜ ಹೇಳಿ, ನನಗೇನೂ ಬೇಸರವಿಲ್ಲ. ರೈತರಿಗೆಂದು ಹೊಸ ಸಲಕರಣೆ ಮಾಡುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಗುಜರಾತಿನಲ್ಲಿ ಹೀಗೆ ತಿಳಿದು ಮಾಡಿದ ಕೆಲಸವೊಂದಿದೆ. ಅಲ್ಲಿನವರ ಮಾತಿನಲ್ಲಿ 'ಓಟಲೊ' ಅಂದರೆ ನಮ್ಮ ಮನೆ ಮುಂದಿನ ಜಗಲಿ. ಸಂಜೆ ನಾಲ್ಕು ಜನ ಕೂತು ಮಾತಾಡುವ ಜಾಗ. 2008ರ ಸುಮಾರಿಗೆ ಕೆಲವು ಸಂಶೋಧಕರು ಡೆವಲಪ್‌ಮೆಂಟ್ ಸಪೋರ್ಟ್ ಸೆಂಟರ್ ಎಂಬ ಸಂಸ್ಥೆಯೊಡನೆ ಸೇರಿ 'ಆವಾಜ್ ಓಟಲೊ' ಎಂಬ ಫೋನ್ ಸೇವೆಯನ್ನು ರೂಪಿಸಿದರು. ಆ ಸಂಸ್ಥೆಯದೂ ರೇಡಿಯೋ ಕೃಷಿ ಕಾರ್ಯಕ್ರಮವಿತ್ತು. ಆದರೆ ರೇಡಿಯೋ ಹೇಳುತ್ತದೆ, ಎದುರು ಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ. ಇದು ನಮಗೂ ಸಲ್ಲುವ ಮಾತು! ಈ ಫೋನಿನಲ್ಲಾದರೋ ತಪ್ಪಿಹೋದ ಕಾರ್ಯಕ್ರಮವನ್ನು ಮತ್ತೆ ಕೇಳಬಹುದಿತ್ತು, ತನ್ನ ಪ್ರಶ್ನೆಯನ್ನು ತನ್ನ ದನಿಯಲ್ಲೇ ಬಿಡಬಹುದಿತ್ತು. ಓದುಬರಹ ಬೇಕಿರಲಿಲ್ಲ.

ಓದು ಬಾರದವರಿಗೆ ಬಾಯಲ್ಲಿ ಹೇಳುವುದೇ ಸುಲಭ, ಗುಂಡಿ ಒತ್ತುವುದು ಕಷ್ಟ ಎಂದು ಯಾರಿಗಾದರೂ ಅನ್ನಿಸೀತು. ಎರಡನ್ನೂ ಹಳ್ಳಿಯವರ ಕೈಗೇ ಕೊಟ್ಟು ನೋಡಿದರು. ಗುಂಡಿಯೇ ಗೆದ್ದಿತು! ಸೇವೆಯನ್ನು ಗುಂಡಿಯ ಮೇಲೆಯೇ ನಿಲ್ಲಿಸಿದರು. ಆಮೇಲೆ 51 ಮಂದಿ ರೈತರು ಏಳು ತಿಂಗಳು ಬಳಸಿದರು. ಹೆಚ್ಚು ಜನ ಸೇರಿದ್ದು ಪ್ರಶ್ನೋತ್ತರದ ಕಡೆಗೇ.

ಇನ್ನೊಂದು ಪರೀಕ್ಷೆಯ ಫಲ 2012ರಲ್ಲಿ ಹೊರಬಂತು. ಬೇಸಾಯದ ಸಲಹೆಗಳನ್ನು ವಿಜ್ಞಾನಿಗಳ ದನಿಯಲ್ಲೂ ರೈತರ ದನಿಯಲ್ಲೂ ಕಳಿಸಿದ್ದರು. ಯಾರ ಮಾತು ಬೇಕೆಂದು ಕೇಳಿದರೆ ವಿಜ್ಞಾನಿಗಳದು ಎಂದರು ಜನ. ಆದರೆ ಹೆಚ್ಚು ತಿಳಿಯಲು ಮತ್ತೆ ಫೋನು ಮಾಡಿದ್ದು ರೈತರ ದನಿ ಕೇಳಿದಾಗಲೇ ಹೆಚ್ಚು. ಬರೀ ಬಾಯಿಮಾತು ನಂಬಿ ಯಂತ್ರ ಮಾಡಿದ್ದರೆ ವಿಜ್ಞಾನಿಗಳ ದನಿಯನ್ನೇ ತುಂಬುತ್ತಿದ್ದರಲ್ಲವೆ?

ಹಾಗೆಂದು ಎಲ್ಲವನ್ನೂ ಪಕ್ಕದ ಹೊಲದವರಿಗೇ ಬಿಡಲಾಗದು. ಸಿಂಪರಣೆಯ ಅಳತೆ ಒಬ್ಬರು ತಪ್ಪಿ ಹೇಳಿದರೆ, ಫೋನಿನಲ್ಲಿ ನೂರು ಹೊಲ ಸುಟ್ಟೀತು. ದನಿ ರೈತರದಿರಲಿ, ಅಳತೆಯನ್ನು ಮಾತ್ರ ತಿಳಿದವರು ಮೊದಲೇ ನೋಡಿರಬೇಕು ಎಂಬುದು ನನ್ನ ಅಭಿಪ್ರಾಯ.

ಇದನ್ನು ಓದಿದ ಮೇಲೆ ನಮ್ಮ ತರಬೇತಿಯಲ್ಲಿ ನಾನೂ ಒಂದು ಬದಲಾವಣೆ ಮಾಡಿದೆ. ಬೀಜೋಪಚಾರದ ವಿಷಯವನ್ನು ಈಗ ಮಾಡಿ ನೋಡಿದ ರೈತರೇ ಮೊದಲು ಹೇಳುತ್ತಾರೆ. ನಾನು ಅಳತೆಯ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.